ಹನ್ನೆರಡು ತಾಸಿನ ಮಾತು

ಚೌಕಾಶಿ ಕಲಿಸಿಕೊಡಿ ಎಂದು ಕೇಳುವವರಿಗೆ ನಾನು ಕೊಡುತ್ತಿದ್ದ ಮೊದಲ ಪಾಠ ಸುಲಭದ್ದು. ಅಂಗಡಿಗೆ ಒಬ್ಬರೇ ಹೋಗಬೇಡಿ. ಹೆಂಡತಿಯನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ. ಸಾಮಾನನ್ನು ತಿರುಗಿಸಿ ನೋಡುತ್ತ, ಮುಖದಲ್ಲಿ ಏನೂ ತೋರಿಸದೆ, ನಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳಿ. ಇಷ್ಟವಾಯಿತೋ ಇಲ್ಲವೋ, ಎಲ್ಲಿಯವರೆಗೆ ಹೋಗಬಹುದು, ಯಾವಾಗ ಎದ್ದು ಹೊರಟಂತೆ ಮಾಡಬೇಕು, ಎಲ್ಲ ಅಂಗಡಿಯವನ ಎದುರಿಗೇ ತೀರ್ಮಾನವಾಗಲಿ. ಮುಂಬಯಿ ಪಕ್ಕದ ಈ ಕಲ್ಯಾಣದ ಬಜಾರಿನಲ್ಲಿ ಕನ್ನಡವೆಂದರೆ ಬಾಗಿಲಿಗೆ ಇಳಿಬಿಟ್ಟ ಪರದೆ ಇದ್ದ ಹಾಗೆ. ನಮಗೆ ಅವರು ಕಾಣುತ್ತಾರೆ, ಅವರಿಗೆ ನಾವು ಕಾಣುವುದಿಲ್ಲ.

ಈ ಪಾಠವನ್ನು ಈಗ ಬಿಟ್ಟಿದ್ದೇನೆ. ಯಾಕೆಂದು ಯಾರಿಗೂ ಹೇಳಿಲ್ಲ. ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವನು. ಹದಿನೇಳರ ವಯಸ್ಸಿಗೆ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕ್ಯಾಂಟೀನಿಗೆ ತಟ್ಟೆ ತೊಳೆಯಲು ಬಂದವನು. ಈಗ ನನ್ನದು ಬೇರೆಯೇ ಧಂದೆ. ಮುಚ್ಚಿಹೋದ ಹೋಟೆಲುಗಳ ಸಾಮಾನು ಕೊಳ್ಳುತ್ತೇನೆ. ಇಡ್ಲಿ ಸ್ಟೀಮರು, ರುಬ್ಬುವ ಗ್ರೈಂಡರು, ಡೀಪ್ ಫ್ರಿಜ್ಜು, ಸ್ಟೀಲಿನ ಮೇಜು. ರಿಪೇರಿ ಮಾಡಿಸಿ, ಉಜ್ಜಿಸಿ, ಹೊಸದಾಗಿ ಹೋಟೆಲು ತೆರೆಯುವವರಿಗೆ ಮಾರುತ್ತೇನೆ. ಸೋತವನ ಹತ್ತಿರ ಕೊಂಡು ಆಸೆಯಲ್ಲಿರುವವನಿಗೆ ಮಾರುವ ವ್ಯಾಪಾರ. ಇದರಲ್ಲಿ ಎದುರಿನವನ ಕಷ್ಟ ನಂಬಿದರೆ ಸಂಜೆಗೆ ನಮ್ಮದೇ ಶಟರು ಎಳೆಯಬೇಕಾಗುತ್ತದೆ. ಹಾಗಾಗಿ ನಂಬದಿರುವುದನ್ನು ಬಹಳ ಚೆನ್ನಾಗಿ ಕಲಿತಿದ್ದೆ.

ಹೆಂಡತಿ ಹುಬ್ಬಳ್ಳಿಯವಳು. ನನ್ನ ತುಳು ಅವಳಿಗೆ ಬಾರದು, ಆದ್ದರಿಂದ ಡೊಂಬಿವಲಿಯ ನಮ್ಮ ಮನೆಯಲ್ಲಿ ನಡೆಯುವುದು ಕನ್ನಡ. ಹೋದ ಚಳಿಗಾಲದಲ್ಲಿ ಅವಳ ಅಣ್ಣ, ಎಂದರೆ ನಮ್ಮ ಭಾವ, ಎಂಟು ದಿನಕ್ಕೆಂದು ಬಂದಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಎಲ್ಲಿ ಹಳೆಯ ಕಲ್ಲು ಕಂಡರೂ ಕೂತು ಪೆನ್ಸಿಲು ತೆಗೆಯುವ ಜಾತಿ. ಅವರಿಗಾಗಿ ಭಾನುವಾರ ಒಂದು ಕಾರು ಗೊತ್ತು ಮಾಡಿದೆ. ಭಿವಂಡಿ ಹತ್ತಿರದ ಲೋನಾಡ್ ಗುಹೆ, ಸೋಪಾರದ ಸ್ತೂಪ, ವಸೈ ಕೋಟೆ, ಆಮೇಲೆ ಸಮುದ್ರ. ಬೆಳಿಗ್ಗೆ ಏಳರಿಂದ ಸಂಜೆ ಏಳು, ಹನ್ನೆರಡು ಗಂಟೆ. ಎಂಟು ಗಂಟೆಯ ದರದಲ್ಲಿ ಹನ್ನೆರಡು ಗಂಟೆ ಮಾಡಿಸಿಕೊಂಡಿದ್ದೆ. ಅದನ್ನು ಭಾವನಿಗೆ ಶನಿವಾರ ರಾತ್ರಿಯೇ ಎರಡು ಸಲ ಹೇಳಿ ಆಗಿತ್ತು.

ಡ್ರೈವರು ನಮ್ಮ ಬಿಲ್ಡಿಂಗಿನ ಒಬ್ಬರು ಹೇಳಿದವನು. ಸ್ವಂತ ಗಾಡಿ, ಡೊಂಬಿವಲಿಯ ಪಕ್ಕದ ದಿವಾದಲ್ಲಿ ಮನೆ. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಳ್ಳೆಯ ಮುಂಬಯಿ ಹಿಂದಿ. ಏಳಕ್ಕೆ ಐದು ನಿಮಿಷ ಇರುವಾಗಲೇ ಗೇಟಿನಲ್ಲಿದ್ದ. ನಾವು ಹತ್ತುವ ಮೊದಲು ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಕೇಳಿಕೊಂಡ. ಸಂಜೆ ಐದರೊಳಗೆ ದಿವಾ ಮುಟ್ಟಿದರೆ ದೊಡ್ಡ ಉಪಕಾರ. ಮಗಳನ್ನು ನೋಡಲು ಸೊಲ್ಲಾಪುರ ಕಡೆಯವರು ಬರುತ್ತಿದ್ದಾರೆ. ಯಾವುದೋ ಮದುವೆಗೆ ಬಂದವರು, ಇವತ್ತೇ ಬರುತ್ತೇವೆ ಎಂದು ನಿನ್ನೆ ಹೇಳಿಕಳಿಸಿದ್ದಾರೆ. ಸಂಜೆ ಕಲ್ಯಾಣದಿಂದ ಅವರಿಗೆ ರೈಲು.

"ದೇಖೇಂಗೇ," ಎಂದೆ. ನೋಡೋಣ ಎನ್ನುವ ಆ ಮಾತಿಗೆ ನನ್ನ ಧಂದೆಯಲ್ಲಿ ಇಲ್ಲ ಎಂದೇ ಅರ್ಥ.

ಕಾರು ಕಲ್ಯಾಣದ ದುರ್ಗಾಡಿ ಸೇತುವೆ ಏರುವಷ್ಟರಲ್ಲಿ ನಾನು ಪರದೆಯ ಒಳಗೆ ಸೇರಿಯಾಗಿತ್ತು. ಅವನು ಕೇಳಿಕೊಂಡದ್ದನ್ನು ಕನ್ನಡದಲ್ಲಿ ಹೇಳಿ, ಜೊತೆಗೆ ವಿವರಣೆಯನ್ನೂ ಕೊಟ್ಟೆ. "ಇದು ಹಳೇ ಪಾಠ ಭಾವ. ಐದು ಗಂಟೆಗೆ ಬೇರೆ ಯಾವುದೋ ಬಾಡಿಗೆ ಒಪ್ಪಿಕೊಂಡಿರ್ತಾನೆ. ಈ ಊರಿನ ಪ್ರತಿಯೊಬ್ಬ ಡ್ರೈವರಿಗೂ ಮದುವೆಗೆ ಬಂದ ಒಬ್ಬ ಮಗಳು, ಆಸ್ಪತ್ರೇಲಿ ಒಬ್ಬ ತಾಯಿ ಇದ್ದೇ ಇರ್ತಾರೆ."

"ಖರೇನ ಇದ್ದೀತಲ್ರೀ," ಎಂದಳು ಹೆಂಡತಿ.

"ಇದ್ದರೆ ಇರಲಿ. ಮನೇಲಿ ಹೆಂಡತಿ ಇಲ್ಲವಾ? ಬರೋರು ಹುಡುಗೀನ ನೋಡೋಕೆ ಬರ್ತಾರಾ, ಹುಡುಗಿ ಅಪ್ಪನ್ನಾ?"

ಭಾವ ಗಹಗಹಿಸಿ ನಕ್ಕರು. "ಸಾವ್ಕಾರ್ರ, ನಿಮ್ಮ ಬಾಯಿಗೆ ಬಿದ್ದೋರು ಬದುಕಂಗಿಲ್ಲ ಬಿಡ್ರಿ." ನನ್ನನ್ನು ಅವರು ಹಾಗೆ ಸಾವುಕಾರ ಎಂದೇ ಛೇಡಿಸುವುದು. ನಗುವವರು ಸಿಕ್ಕರೆ ನನಗೆ ಇನ್ನಷ್ಟು ಹುರುಪು. ಮುಗ್ಧ ಮುಖದವರನ್ನು ಯಾಕೆ ನಂಬಬಾರದು ಎಂಬ ಬಗ್ಗೆ ಭಿವಂಡಿಯ ಗೋದಾಮುಗಳು ಮುಗಿಯುವವರೆಗೂ ಹೇಳಿದೆ. ಉದಾಹರಣೆಗೆ ಎದುರಿಗೇ ಒಂದು ಮುಖವಿತ್ತು, ಕನ್ನಡಿಯಲ್ಲಿ. ಅದು ರಸ್ತೆಯನ್ನು ನೋಡುತ್ತಿತ್ತು.

ಲೋನಾಡ್ ಗುಹೆಗೆ ಸ್ವಲ್ಪ ಗುಡ್ಡ ಹತ್ತಬೇಕು. ಒಣಗಿದ ಹುಲ್ಲು, ಕೆಳಗೆ ಕೊಯ್ಲಾದ ಗದ್ದೆ, ದೂರದಲ್ಲಿ ಹೈವೇಯ ಲಾರಿಗಳು ಇರುವೆಗಳ ಹಾಗೆ. ಗುಹೆಯ ಒಳಗೆ ಈಗ ದೇವಿಯ ಪೂಜೆ. ಹೊರಗಿನ ಗೋಡೆಯಲ್ಲಿ ಯಾರೋ ಅರಸನ ಸಭೆ, ಸವೆದ ಮುಖಗಳು. ಭಾವ ಅಲ್ಲಿ ಒಂದು ಗಂಟೆ ಕೂತರು. ಸೋಪಾರದ ಸ್ತೂಪ ಒಂದು ದೊಡ್ಡ ಇಟ್ಟಿಗೆಯ ದಿಬ್ಬ. ಸುತ್ತ ಮರಗಳು, ನೆರಳು, ಬೇಲಿಯಾಚೆ ಕ್ರಿಕೆಟ್ಟು. ಒಂದು ಕಾಲಕ್ಕೆ ಇದು ದೊಡ್ಡ ಬಂದರು, ಹಡಗುಗಳು ಬಂದು ನಿಲ್ಲುತ್ತಿದ್ದವು ಎಂದು ಭಾವ ಹೇಳಿದಾಗ, ಹಾಗಾದರೆ ಇಲ್ಲಿಯ ದಲ್ಲಾಳಿಗಳು ನನ್ನಂಥವರೇ ಇದ್ದಿರಬೇಕು ಎಂದೆ. ಅಲ್ಲಿ ಮತ್ತೊಂದು ಗಂಟೆ.

ಊಟಕ್ಕೆ ಹೆಂಡತಿ ಕಟ್ಟಿ ತಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಡ್ರೈವರಿಗೂ ಎರಡು ರೊಟ್ಟಿ ಕೊಟ್ಟಳು. ಅವನು ಸ್ವಲ್ಪ ದೂರ, ಮರದ ಬೇರಿನ ಮೇಲೆ ಕೂತು ತಿಂದ. ಅವಳು ನನ್ನ ತೋಳು ಮುಟ್ಟಿದಳು.

"ಅಂವಾ ರೊಟ್ಟಿ ತಿನ್ನೂ ಕೈ ನೋಡ್ರಿ. ಪಲ್ಯ ಹಚ್ಚಿ, ಚಟ್ನಿಗೆ ಎಣ್ಣಿ ಕೇಳಿ ಹಾಕ್ಕೊಂಡ. ಮೊದಲ ಒಂದ್ ತುತ್ತು ತಗೊಂಡು ಸುಮ್ನ ಕುಂತಿದ್ದ. ನಮ್ಮ ಕಡೆಯಾಂವ ಇರಬೇಕು."

"ಸೊಲ್ಲಾಪುರದವರೂ ಹಾಗೇ ತಿಂತಾರೆ," ಎಂದೆ. "ನಿನಗೆ ರೊಟ್ಟಿ ತಿನ್ನೋರೆಲ್ಲ ತೌರಿನವರು."

ವಸೈ ಮುಟ್ಟುವಾಗ ಒಂದೂವರೆ. ದಾರಿಯ ಎರಡೂ ಬದಿಗೆ ಬಾಳೆತೋಟ, ಬಾವಿ, ಬಿಳಿ ಬಣ್ಣ ಬಳಿದ ಶಿಲುಬೆಗಳು, ಅಂಗಳದಲ್ಲಿ ಹೂವು ಕಟ್ಟುವ ಹೆಂಗಸರು. ಡೊಂಬಿವಲಿಯಿಂದ ಇಷ್ಟೇ ದೂರದಲ್ಲಿ ಇಂಥ ಊರಿದೆ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯ. ಕೋಟೆಯ ಒಳಗೆ ಚಾವಣಿಯಿಲ್ಲದ ಇಗರ್ಜಿಗಳು. ಬರೀ ಗೋಡೆ ಮತ್ತು ಕಮಾನು, ಕಮಾನಿನೊಳಗೆ ಆಕಾಶ, ಗೋಡೆಯ ಬಿರುಕಿನಲ್ಲಿ ಆಲದ ಬೇರು. ಸಮುದ್ರದ ಬಾಗಿಲಿನ ಹೊರಗೆ ಬಿದಿರಿಗೆ ನೇತುಹಾಕಿದ ಬೊಂಬಿಲ್ ಮೀನು ಸಾಲುಸಾಲಾಗಿ ಒಣಗುತ್ತಿತ್ತು. ಆ ವಾಸನೆಗೆ ನನಗೆ ಊರು ನೆನಪಾಯಿತು, ಹುಬ್ಬಳ್ಳಿಯವರಿಬ್ಬರೂ ಮೂಗಿಗೆ ಕರವಸ್ತ್ರ ಹಿಡಿದರು.

ಎರಡೂವರೆಗೆ ಡ್ರೈವರು ಬಂದ. "ಸಾಬ್, ನಿಕ್ಲೇಂ?" ಹೊರಡೋಣವೇ ಎಂದ. ಘೋಡ್‌ಬಂದರ್ ರಸ್ತೆ ಭಾನುವಾರ ಸಂಜೆ ಗಾಡಿಗಳಿಂದ ಕಟ್ಟಿಕೊಳ್ಳುತ್ತದೆ, ಈಗ ಬಿಟ್ಟರೆ ಐದಕ್ಕೆ ಸರಿಯಾಗುತ್ತದೆ ಎಂದೂ ಹೇಳಿದ.

"ಬಸ್, ದಸ್ ಮಿನಿಟ್," ಎಂದೆ ಅವನಿಗೆ. ಅದೇ ಉಸಿರಿನಲ್ಲಿ, ಅದೇ ದನಿಯಲ್ಲಿ, ನಗುನಗುತ್ತ ಭಾವನಿಗೆ ಕನ್ನಡದಲ್ಲಿ ಹೇಳಿದೆ: "ನೀವು ನಿಧಾನಕ್ಕೆ ಬರೀರಿ ಭಾವ. ಮಾತಾದದ್ದು ಹನ್ನೆರಡು ಗಂಟೆ. ಒಮ್ಮೆ ಬಿಟ್ಟುಕೊಟ್ಟರೆ ಹೆಗಲ ಮೇಲೆ ಕೂರ್ತಾರೆ. ಇಲ್ಲಿಂದ ಸಮುದ್ರಕ್ಕೂ ಹೋಗೋಣ. ಏನು ಮಾಡ್ತಾನೆ ನೋಡುವ. ಸುಳ್ಳಾದರೆ ಸಿಟ್ಟು ಮಾಡ್ತಾನೆ, ನಿಜವಾದರೆ ಅಳ್ತಾನೆ."

ಅವನು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಸಿಟ್ಟೂ ಮಾಡಲಿಲ್ಲ, ಅಳಲೂ ಇಲ್ಲ. ತಲೆಯಾಡಿಸಿ ಕಾರಿನ ಕಡೆ ಹೋದ. ಮುಕ್ಕಾಲು ಗಂಟೆಯ ಮೇಲೆ ನಾವು ಬಂದಾಗ ಹಿಂದಿನ ಬಾಗಿಲು ತೆರೆದು ಹಿಡಿದ, ಸಮುದ್ರ ಎಂದಾಗ ಸಮುದ್ರಕ್ಕೆ ತಿರುಗಿಸಿದ.

ದಂಡೆಯಲ್ಲಿ ಗಾಳಿಮರಗಳ ತೋಪು. ನೀರು ಇಳಿದಿತ್ತು, ಬಹಳ ದೂರದವರೆಗೆ ಕಪ್ಪು ಮರಳು. ಅಣ್ಣ ತಂಗಿ ಬರಿಗಾಲಲ್ಲಿ ನೀರಿನ ಕಡೆ ನಡೆದರು. ನಾನು ಮೂತ್ರಕ್ಕೆಂದು ತೋಪಿನ ಹಿಂದೆ ಬಂದೆ. ಒಂದು ಮೋಟುಗೋಡೆ ಇತ್ತು. ಆಚೆಗೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು.

"ಯವ್ವಾ, ನಾ ಬರೂದು ತಡಾ ಆಗ್ತದ. ಅವರು ಬಂದ್ರ ಕುಂದರಸು, ಚಾ ಕುಡಸು. ಅಕಿಗಿ ಆ ಹಸರ ಸೀರಿ ಉಡಸು, ಬಾಜೂ ಮನಿ ಕಾಕು ಉಡಸ್ತಾಳ. ಅಪ್ಪ ದಾರ್ಯಾಗ ಹಾನಂತ ಹೇಳು." ನಮ್ಮ ಡ್ರೈವರಿನದೇ ದನಿ. "ಇಲ್ಲಬೇ, ಮಂದಿ ಛಲೋ ಹಾರ. ನಂಗ ರೊಟ್ಟಿ ಕೊಟ್ರು. ಹನ್ನೆರಡು ತಾಸಿನ ಮಾತಾಗ್ಯದಲ್ಲ, ನಾ ಹ್ಯಾಂಗ ಬಿಟ್ಟು ಬರ್ಲಿ?"

ನಾನು ಗೋಡೆಯ ಈಚೆ ಕಲ್ಲಿನ ಹಾಗೆ ನಿಂತೆ. ನಿಜ ಬರೆಯಬೇಕೆಂದು ಕೂತಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಆಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಅಯ್ಯೋ ಪಾಪ ಎಂದಲ್ಲ, ಎಂಥ ಮಾತಾಡಿಬಿಟ್ಟೆ ಎಂದೂ ಅಲ್ಲ. ತುಳುವಿನಲ್ಲಿ ಆಡಿದ್ದರೆ ಬಚಾವಾಗುತ್ತಿದ್ದೆ ಎಂದು. ಆ ಯೋಚನೆ ಬಂದ ಮೇಲೆ, ಅದು ನನ್ನದೇ ಎಂದು ಗೊತ್ತಾದ ಮೇಲೆ, ಬೆಳಿಗ್ಗೆಯಿಂದ ಆಡಿದ್ದೆಲ್ಲ ಒಂದೊಂದಾಗಿ ವಾಪಸು ಬರತೊಡಗಿತು. ಮುಗ್ಧ ಮುಖ. ಆಸ್ಪತ್ರೆಯ ತಾಯಿ. ಹುಡುಗಿಯ ಅಪ್ಪ.

ಗಂಟೆ ನಾಲ್ಕಾಗಿತ್ತು. ಭಾವ ಇನ್ನೂ ದೂರ ನೀರಿನಲ್ಲಿದ್ದರು, ದಂಡೆಗೆ ಮರಳಿದ್ದ ಹೆಂಡತಿಯ ಹತ್ತಿರ ಓಡಿಹೋಗಿ ಹೇಳಿದೆ.

"ಈಗ ಹೊರಡೋಣ. ನಿನಗೆ ತಲೆನೋವು ಅಂತ ಹೇಳ್ತೇನೆ," ಎಂದೆ.

"ನನಗ್ಯಾಕ ತಲಿನೋವು?" ಎಂದಳು. "ನಿಮಗ ಬರ್ಲಿ."

ಆದರೂ ನಾನು ಡ್ರೈವರಿಗೆ ಹೇಳಿದ್ದು ಹಿಂದಿಯಲ್ಲೇ, ಮೇಡಮ್ಮಿಗೆ ತಲೆನೋವು, ಬೇಗ ಹೊರಡೋಣ ಎಂದೇ. ಅವನು ಡಿಕ್ಕಿಯಿಂದ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟ. ಅವಳು ಅದನ್ನು ಕುಡಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಘೋಡ್‌ಬಂದರ್ ರಸ್ತೆ ಅವನು ಹೇಳಿದ ಹಾಗೆಯೇ ಕಟ್ಟಿಕೊಂಡಿತ್ತು. ಒಂದು ಕಡೆ ಕಾಡು, ಒಂದು ಕಡೆ ಖಾಡಿಯ ಉಪ್ಪುನೀರು, ನಡುವೆ ಮೂರು ಸಾಲು ಕೆಂಪು ದೀಪ. ನನಗೆ ಹಿಂದಿ ಆಡಲು ನಾಚಿಕೆ, ಕನ್ನಡ ಆಡಲು ಭಯ. ಏನೂ ಗೊತ್ತಿಲ್ಲದವರು ಭಾವ ಒಬ್ಬರೇ. ಅವರಿಗೆ ಹೇಳಲು ಸಮಯವೇ ಸಿಕ್ಕಿರಲಿಲ್ಲ.

"ಸಾವ್ಕಾರ್ರ, ನೀವಂದಂಗ ಆಗಲಿಲ್ಲಲ್ರಿ," ಎಂದು ಅವರು ಗಟ್ಟಿಯಾಗಿ ಶುರು ಮಾಡಿದರು. "ಅಳಲೂ ಇಲ್ಲ, ಸಿಟ್ಟೂ ಆಗಲಿಲ್ಲ. ಅಂದ್ರ ಸುಳ್ಳೂ ಅಲ್ಲ, ಖರೇನೂ ಅಲ್ಲ. ಹಂಗಾರ ಏನಂತೀರಿ?"

ನಾನು ಕೆಮ್ಮಿದೆ. ಹೆಂಡತಿ ಅಣ್ಣನ ಮೊಣಕೈ ಚಿವುಟಿದಳು. ಅವರು "ಯಾಕ? ಏನಾತು?" ಎಂದು ಇನ್ನೂ ಗಟ್ಟಿಯಾಗಿ ಕೇಳಿದರು. ಕನ್ನಡಿಯಲ್ಲಿ ಆ ಮುಖ ರಸ್ತೆಯನ್ನೇ ನೋಡುತ್ತಿತ್ತು.

ಠಾಣೆ ದಾಟುವಾಗ ಆರು ಹೊಡೆದು ಹೋಗಿತ್ತು. ಅಷ್ಟರಲ್ಲಿ ಅವನ ಫೋನು ಎರಡು ಸಲ ಗುಂಯ್ ಎಂದಿತು, ಅವನು ನೋಡಿದ, ತೆಗೆಯಲಿಲ್ಲ. ಇನ್ನು ತಡೆಯಲಾಗದೆ ನಾನು ಹೇಳಿದೆ, ಮತ್ತೆ ಹಿಂದಿಯಲ್ಲೇ: ಮೊದಲು ದಿವಾಕ್ಕೆ ಹೋಗು, ಅಲ್ಲಿಂದ ನಾವು ಆಟೋ ಮಾಡಿಕೊಂಡು ಹೋಗುತ್ತೇವೆ.

ಅವನು ತಿರುಗಲಿಲ್ಲ. ಕನ್ನಡದಲ್ಲಿ ಹೇಳಿದ. "ಬ್ಯಾಡ್ರಿ ಸರ. ನಿಮಗ ಮನಿಗಿ ಮುಟ್ಟಿಸೇ ಹೋಗ್ತೀನಿ. ಹನ್ನೆರಡು ತಾಸು ಆಗಿಲ್ರಿ ಇನ್ನಾ."

ಭಾವನ ಕೈಯಿಂದ ಪೆನ್ಸಿಲು ಜಾರಿ ಕಾಲ ಕೆಳಗೆ ಎಲ್ಲೋ ಉರುಳಿತು. ಯಾರೂ ಬಗ್ಗಿ ಹುಡುಕಲಿಲ್ಲ.

ಮಾತು ಎತ್ತಿದವಳು ಹೆಂಡತಿ. "ತಮ್ಮಾ, ಮೊದಲ ನಿಮ್ಮ ಮನಿಗೆ ನಡೀರಿ. ನಾ ಹೇಳಾಕತ್ತೀನಿ." ಅವನು ಮುಂಬ್ರಾದ ಕಡೆ ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, "ಕನ್ನಡ ಬರ್ತದಂತ ಮುಂಜಾನೇನ ಯಾಕ ಹೇಳಲಿಲ್ಲ?"

"ಹೇಳಿದ್ರ ಮಂದಿ ಸುಮ್ಮ ಆಗಿಬಿಡ್ತಾರ್ರಿ ಅಕ್ಕೋರ," ಎಂದ. "ನಾ ಇಲ್ಲೇ ಹುಟ್ಟೀನಿ. ನಮ್ಮಪ್ಪ ಕಲಬುರ್ಗಿ ಕಡಿಂದ ರಸ್ತಾ ಕೆಲಸಕ್ಕ ಬಂದವ. ಮನ್ಯಾಗ ಯವ್ವ ಒಬ್ಬಾಕೀನೇ ಕನ್ನಡ ಮಾತಾಡೂದು, ಮಗಳು ಮರಾಠಿ. ಗಾಡ್ಯಾಗ ನಮ್ಮ ಮಾತು ಬಿದ್ದರ ಕಿವಿಗಿ ಛಲೋ ಅನಸ್ತದ್ರಿ. ಅದಕ್ಕ ಸುಮ್ಮ ಕೇಳ್ಕೋತ ಹೋಗ್ತೀನಿ."

ಕಿವಿಗೆ ಛಲೋ ಅನ್ನಿಸಲೆಂದು ಅವನು ಅವತ್ತು ಕೇಳಿಸಿಕೊಂಡದ್ದು ನನ್ನ ಮಾತನ್ನು.

ದಿವಾದ ಆ ಗಲ್ಲಿಗೆ ಕಾರು ಹೋಗುವುದಿಲ್ಲ. ಮೋರಿಯ ಪಕ್ಕ ನಿಲ್ಲಿಸಿ ಅವನು ಮುಂದೆ ಓಡಿದ, ಹೆಂಡತಿ ಅವನ ಹಿಂದೆ, ನಾವಿಬ್ಬರು ಅವಳ ಹಿಂದೆ. ಮೂರನೇ ಮಾಳಿಗೆ. ಬಾಗಿಲ ಹೊರಗೆ ಎಷ್ಟು ಜೊತೆ ಚಪ್ಪಲಿ ಇರುತ್ತದೆ ಎಂದು ಮೆಟ್ಟಿಲು ಹತ್ತುವಾಗಲೇ ನಾನು ಲೆಕ್ಕ ಹಾಕುತ್ತಿದ್ದೆ. ಎರಡೇ ಜೊತೆ ಇದ್ದವು, ಎರಡೂ ಹೆಂಗಸರವು.

ಬಂದವರು ರೈಲಿನ ಹೊತ್ತಾಯಿತೆಂದು ಹತ್ತು ನಿಮಿಷದ ಹಿಂದೆ ಎದ್ದು ಹೋಗಿದ್ದರು. ಹಸಿರು ಸೀರೆಯ ಹುಡುಗಿ ಕಪ್ಪುಗಳನ್ನು ಒಳಗೆ ಒಯ್ಯುತ್ತಿದ್ದಳು. ಅಪ್ಪನನ್ನು ಕಂಡು "ಗೇಲೇ ತೇ, ಪಪ್ಪಾ," ಎಂದಳು ಮರಾಠಿಯಲ್ಲಿ. ಹೋದರು ಎಂದಷ್ಟೇ. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ, ಹುಡುಗಿಯದೇ ಮೂಗು, ಹುಡುಗಿಯದೇ ಹಣೆ. ಮನೇಲಿ ಹೆಂಡತಿ ಇಲ್ಲವಾ ಎಂದು ಕೇಳಿದ್ದೆನಲ್ಲ. ಆ ಕಡೆಗೆ ನಾನು ಎರಡನೇ ಸಲ ನೋಡಲಿಲ್ಲ.

ಅವನ ತಾಯಿ ನಮ್ಮ ಮಾತು ಕೇಳಿ ಮುಖ ಅರಳಿಸಿದರು. "ಕನ್ನಡದೋರು ಹೌದೇನ್ರಿ? ಕುಂದರ್ರಿ, ಕುಂದರ್ರಿ." ನಾವು ಯಾರು, ಯಾಕೆ ಬಂದೆವು ಎಂದು ಕೇಳುವ ಮೊದಲೇ ತಟ್ಟೆ ಬಂತು. ಮಂಡಕ್ಕಿಯ ಸುಸಲಾ ಮತ್ತು ಶಿರಾ. ಬಂದವರಿಗೆಂದು ಮಾಡಿದ್ದು, ಆರಿತ್ತು. ಶಿರಾದ ತುಪ್ಪ ಅಂಚಿನಲ್ಲಿ ಗಟ್ಟಿಯಾಗಿತ್ತು. ಬೇಡ ಎನ್ನುವ ಹಕ್ಕೂ ನನಗಿರಲಿಲ್ಲ. ತಿಂದೆ.

ಮುದುಕಿ ನನ್ನ ಎದುರು ಕೂತು ಸಲಹೆ ಕೇಳಿದರು. "ನೀವು ದೊಡ್ಡೋರು, ನಾಕು ಮಂದೀನ ಕಂಡೋರು. ಹುಡುಗಿ ಮನಸ್ಸಿಗಿ ಬಂದಂಗ ಕಾಣ್ತು ಅವರಿಗಿ. ಆದ್ರ ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತ ನಾಕು ಸಲ ಕೇಳಿದ್ರು. ಈಗ ನಾವೇ ಫೋನ್ ಮಾಡೂದೋ, ಅವರು ಮಾಡ್ಲಿ ಅಂತ ಕೂಡೂದೋ?"

ಮೊದಲು ಫೋನು ಮಾಡುವವನು ಸೋಲುತ್ತಾನೆ, ಇದು ನನ್ನ ಎರಡನೇ ಪಾಠ. ತಪ್ಪು ಒಪ್ಪಿಕೊಂಡವನ ಮಾಲಿಗೆ ಅರ್ಧ ಬೆಲೆ, ಇದು ಮೂರನೆಯದು. ಎರಡನ್ನೂ ಬದಿಗಿಟ್ಟು, "ನಾನೇ ಮಾಡ್ತೇನೆ, ನಂಬರು ಕೊಡಿ," ಎಂದೆ. ಹುಡುಗನ ಸೋದರಮಾವನ ನಂಬರು. ಅವರು ಆಗ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿದ್ದರು, ಹಿಂದೆ ಅನೌನ್ಸ್‌ಮೆಂಟಿನ ಗದ್ದಲ.

ಹೇಳಬೇಕೆಂದುಕೊಂಡದ್ದು ಇದು: ಈ ಮನುಷ್ಯ ಬೆಳಿಗ್ಗೆಯೇ ಕೈ ಮುಗಿದು ಕೇಳಿದ್ದ. ನಂಬದೆ, ಬೇಕೆಂದೇ, ಪರೀಕ್ಷೆ ಮಾಡಲು ನಾನು ತಡ ಮಾಡಿಸಿದೆ. ತಪ್ಪು ಪೂರ್ತಿ ನನ್ನದು. ಬಾಯಿಂದ ಬಂದದ್ದು ಇದು: "ನಮ್ಮಿಂದ ಸ್ವಲ್ಪ ತಡವಾಯಿತು. ವಸೈಯಿಂದ ಬರುವಾಗ ಘೋಡ್‌ಬಂದರಿನಲ್ಲಿ ಬಹಳ ಟ್ರಾಫಿಕ್ ಇತ್ತು." ಸತ್ಯದ ಜೊತೆಗೂ ಚೌಕಾಶಿ ಮಾಡಿ ಅರ್ಧಕ್ಕೆ ಇಳಿಸಿದ್ದೆ. ಅವನು ನನ್ನ ಎದುರಿಗೇ ನಿಂತಿದ್ದ, ನೆಲ ನೋಡುತ್ತ.

"ಇರ್ಲಿ ಬಿಡ್ರಿ," ಎಂದರು ಆ ಮಾವ. "ಟ್ರಾಫಿಕ್ ಇರೂದೇ. ಆದ್ರ ಹುಡುಗಿ ತಂದಿ ಅಂದಮ್ಯಾಲ ಇವತ್ತೊಂದಿನ ಆದ್ರೂ ಗಾಡಿ ಬಿಡಬೇಕಿತ್ತಲ್ರಿ. ನಮಗೂ ಮಂದಿ ಕೇಳ್ತಾರ." ಆಗಲೂ ನಾನು ಬಾಯಿ ಬಿಡಬಹುದಿತ್ತು. "ಹೌದು ಹೌದು," ಎಂದೆ. ರೈಲು ಬಂತೆಂದು ಅವರು ಇಟ್ಟರು.

"ಏನಂದ್ರು?" ಎಂದು ಮುದುಕಿ ಕೇಳಿದರು. "ಊರಿಗೆ ಹೋಗಿ ತಿಳಿಸ್ತಾರಂತೆ," ಎಂದೆ. ಹೆಂಡತಿ ಅವತ್ತು ಮನೆಗೆ ಬರುವವರೆಗೂ ನನ್ನ ಪಕ್ಕ ಕೂರಲಿಲ್ಲ. ಆಟೋದಲ್ಲಿ ಅಣ್ಣನನ್ನು ನಡುವೆ ಕೂರಿಸಿದಳು.

ಭಾವ ಹೋಗುವ ಮುಂಚೆ ಚಿತ್ರದ ಪುಸ್ತಕ ತೋರಿಸಿದರು. ಕೋಟೆಯ ಕಮಾನಿನ ಚಿತ್ರದಲ್ಲಿ ಕೆಳಗೆ ಮೂಲೆಯಲ್ಲಿ ಒಂದು ಕಾರು, ಅದಕ್ಕೆ ಒರಗಿ ಒಬ್ಬ ಮನುಷ್ಯ, ಕೈಗಡಿಯಾರದ ಕಡೆ ತಲೆ ಬಗ್ಗಿಸಿದ್ದ. "ಕಮಾನು ಎಷ್ಟು ದೊಡ್ಡದಂತ ತಿಳೀಲಿ ಅಂತ ಹಾಕಿದ್ದೆ," ಎಂದರು. ಮುಕ್ಕಾಲು ಗಂಟೆ ಅವರು ಬರೆದರು, ಮುಕ್ಕಾಲು ಗಂಟೆ ಅವನು ಹಾಗೇ ನಿಂತಿದ್ದ.

ಒಂದು ತಿಂಗಳು ಬಿಟ್ಟು ನಾನು ಅವನಿಗೆ ಫೋನು ಮಾಡಿದೆ. ಗಾಡಿ ಬೇಕಿತ್ತು ಎಂದು ನೆವ. ಆಮೇಲೆ ಮಗಳ ವಿಷಯ ಏನಾಯಿತು ಎಂದು ಕೇಳಿದೆ.

"ಆಗಲಿಲ್ರಿ ಸರ," ಎಂದ. "ಅವರಿಗಿ ಬ್ಯಾರೆ ಕಡಿ ಕೂಡಿಬಂತಂತ. ಬ್ಯಾರೆ ಕಾರಣಾನೂ ಇರಬಹುದ್ರಿ. ನಿಮ್ದೇನಿಲ್ರಿ ಅದರಾಗ."

ಈ ಮಾತು ನನಗೆ ಗೊತ್ತು. ಮುಳುಗಿದ ಹೋಟೆಲಿನ ಮಾಲೀಕ ಒಲೆಗಳನ್ನು ಲಾರಿಗೆ ಏರಿಸುವುದನ್ನು ನೋಡುತ್ತ ನಿಂತಾಗ ಅವನ ಬೆನ್ನು ತಟ್ಟಿ ನಾನು ಹೇಳುವ ಮಾತು. ನಿಮ್ಮದೇನೂ ತಪ್ಪಿಲ್ಲ, ಟೈಮು. ಹೇಳುವವನಿಗೆ ಅದರಲ್ಲಿ ಎಷ್ಟು ನಂಬಿಕೆ ಇರುತ್ತದೆ ಎಂಬುದೂ ಗೊತ್ತು. ನಿಜವಾಗಿಯೂ ಬೇರೆ ಕಾರಣ ಇತ್ತೋ, ಮುಚ್ಚಿ ಹೇಳಿದನೋ, ನನಗೆ ತಿಳಿಯುವ ದಾರಿಯಿಲ್ಲ. ಆ ಮುಖವನ್ನು ಓದಲು ನನಗೆ ಬರುವುದಿಲ್ಲ ಎಂಬುದಂತೂ ಸಾಬೀತಾಗಿದೆ.

"ಎಲ್ಲಿಗ್ರಿ ಸರ, ಗಾಡಿ?" ಎಂದು ಅವನೇ ಕೇಳಿದ.

ಎಲ್ಲಿಗೂ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ, "ಅಂಬರನಾಥ. ಹಳೇ ಶಿವಾಲಯ ನೋಡಬೇಕಿತ್ತು."

"ಎಷ್ಟು ತಾಸಿಗಿ?"

ನಾನು ಫೋನು ಹಿಡಿದು ನಿಂತೇ ಇದ್ದೆ. ಯಾವ ಮಾಲಿಗಾದರೂ ಕಣ್ಣು ಮುಚ್ಚಿ ಒಂದು ಅಂಕಿ ಹೇಳುವ ಬಾಯಿಗೆ ಅವತ್ತು ಒಂದೂ ಬರಲಿಲ್ಲ. ಆ ಕಡೆಯಿಂದ ಅವನು ಕಾದ, ಕೋಟೆಯಲ್ಲಿ ಕಾದ ಹಾಗೆಯೇ, ಅವಸರವಿಲ್ಲದೆ. "ಸರ, ಲೈನ್ ಮ್ಯಾಲ ಇದ್ದೀರೇನ್ರಿ?" ಎಂದು ಒಮ್ಮೆ ಕೇಳಿದ.